ಯಾರ ಮನೆಯಲ್ಲೂ ಉಣ್ಣದ ಲುಲಾಶ

ಲುಲಾಶ ಆಳುವ ಕಮ್ಯುನಿಸ್ಟ್ ಪಾರ್ಟಿಯ ಕಿವಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನ ಬಾಯಿ ಹೇಳಿರಲಿಲ್ಲ, ಹೊಟ್ಟೆ ಹೇಳಿತ್ತು. ಉತ್ತರ ಆಲ್ಬೇನಿಯದ ನಮ್ಮ ಬೆಟ್ಟಗಳಲ್ಲಿ ಉಂಡ ಮನೆಗೆ ಎರಡು ಬಗೆಯುವಂತಿಲ್ಲ. ಒಂದು ಚೂರು ರೊಟ್ಟಿ, ಒಂದು ಹರಳು ಉಪ್ಪು ಗಂಟಲಿಗಿಳಿದರೆ ಮುಗಿಯಿತು, ಆ ಮನೆಯವರ ಮಾನ ಪ್ರಾಣ ಉಂಡವನ ಹೆಗಲ ಮೇಲೆ. ಪಾರ್ಟಿಯವರು ಇಗರ್ಜಿಗೆ ಬೀಗ ಜಡಿದರು, ಪಾದ್ರಿಯನ್ನು ಗಣಿಗೆ ಅಟ್ಟಿದರು, ಆದರೆ ಈ ಕಟ್ಟಳೆ ಕೀಳಲು ಅವರ ಕೈಲಾಗಲಿಲ್ಲ.

ಹಾಗಾಗಿ ಲುಲಾಶ ಮದುವೆಗೆ ಬಂದರೂ ಜೇಬಿನಿಂದ ತನ್ನದೇ ರೊಟ್ಟಿ ತೆಗೆದು, ಗೋಡೆಗೆ ಮುಖಮಾಡಿ ಅಗಿಯುತ್ತಿದ್ದ. ನಾವು ಹೆಂಗಸರು ಬೇಕೆಂತಲೇ ಹುರಿದ ಕುರಿಮಾಂಸದ ತಟ್ಟೆಯನ್ನು ಅವನ ಮೂಗಿನ ಕೆಳಗೆ ಹಾಯಿಸುತ್ತಿದ್ದೆವು. ಮದುವೆ ಮದುವೆಗೂ ಮನುಷ್ಯ ಸಣ್ಣಗಾದ.

ನನ್ನ ಗಂಡ ತೋಮ ಬಡಗಿ. ಕೈ ಚೆನ್ನಾಗಿತ್ತು, ನಾಲಿಗೆಗೆ ಮಾತ್ರ ಚಿಲಕವಿರಲಿಲ್ಲ. ಒಂದು ಸಲ ರಾಜಧಾನಿಯ ಮಂತ್ರಿಯೊಬ್ಬ ಬೆಳಗಾಗುವುದರೊಳಗೆ ಜನದ್ರೋಹಿಯಾದ. ಬೇಸಾಯ ಸಂಘದ ಗೋಡೆಯಿಂದ ಅವನ ಚಿತ್ರ ಇಳಿಸಲು ತೋಮನನ್ನು ಕರೆದರು. ಇಳಿಸಿ ಸುಮ್ಮನೆ ಬರಬಾರದೆ?

"ಮೊಳೆ ಇರ್ಲಿ ಬಿಡ್ರಪ್ಪಾ, ನಾಳೆ ಬರೋನ್ಗೂ ಬೇಕಾಗುತ್ತೆ" ಎಂದ.

ನಕ್ಕವರೆಲ್ಲ ತಕ್ಷಣ ತಮ್ಮ ತಮ್ಮ ಬೂಟು ನೋಡಿಕೊಂಡರು. ಬಾಗಿಲಲ್ಲಿ ಲುಲಾಶ ನಿಂತಿದ್ದ. ಇದರ ಅರ್ಧದಷ್ಟು ಮಾತಿಗೆ ಪಕ್ಕದೂರಿನ ಕಮ್ಮಾರ ಹತ್ತು ವರ್ಷದ ಸಜೆಗೆ ಹೋಗಿದ್ದ.

ಎರಡು ದಿನ ಕಳೆದರೆ ಲುಲಾಶ ಪೇಟೆಯ ಕಚೇರಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಬೇಕು. ಅದಕ್ಕೆ ಮುಂಚೆ, ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ, ನಮ್ಮ ಹೊಸ್ತಿಲಲ್ಲಿ ಬಂದು ನಿಂತ. ತೋಮ ಆಗಷ್ಟೇ ಊಟಕ್ಕೆ ಕೂತಿದ್ದ.

"ಬಾ ಲುಲಾಶಣ್ಣ, ರೊಟ್ಟಿ ಬಿಸಿಯಾಗಿದೆ."

"ಬೇಡ ತಂಗೀ. ಹಸಿವಿಲ್ಲ."

"ಮೊಸರಾದ್ರೂ ತಗೋ."

"ಹೊಟ್ಟೆ ಸರಿ ಇಲ್ಲ."

ಒಳಗೆ ಬಂದು ಕೂತ. ಬೇಡ ಅನ್ನುತ್ತಾನೆ, ಏಳುವುದಿಲ್ಲ. ನಮ್ಮ ಮೇಕೆಯ ಯೋಗಕ್ಷೇಮ ವಿಚಾರಿಸಿದ. ಸೂರಿನ ತೊಲೆ ಹೊಗಳಿದ. ಒಂದೊಂದು "ಬೇಡ"ಕ್ಕೂ ಗಿಡ್ಡ ಮೇಜಿನ ಹತ್ತಿರ ಒಂದಿಷ್ಟು ಜರುಗಿದ. ಆಗ ನನಗೆ ಹೊಳೆಯಿತು. ಪುಣ್ಯಾತ್ಮ ಉಣ್ಣಲೆಂದೇ ಬಂದಿದ್ದಾನೆ! ಆದರೆ ಕರೆದ ಕೂಡಲೇ ತಟ್ಟೆಗೆ ಕೈಹಾಕುವವನು ನಮ್ಮಲ್ಲಿ ಮರ್ಯಾದಸ್ಥನಲ್ಲ. ಬಲವಂತ ಮಾಡಿಸಿಕೊಳ್ಳಬೇಕು.

ನಾನು ಇನ್ನೊಂದು ಸಲ ಬಾಯಿ ತೆರೆಯುವಷ್ಟರಲ್ಲಿ ತೋಮ ಗುಡುಗಿದ.

"ಬೇಡ ಅಂದೋನ್ಗೆ ಯಾಕೆ ತುರುಕ್ತೀಯೆ? ಅವನ ರೊಟ್ಟಿ ಅವನ ಜೇಬಲ್ಲೇ ಇರುತ್ತೆ!"

ಅಂದವನೇ ರೊಟ್ಟಿಯ ತಟ್ಟೆ ಎತ್ತಿಬಿಟ್ಟ. ಲುಲಾಶ ಇನ್ನೊಂದು ಅಂಚು ಹಿಡಿದ. ಒಬ್ಬ ಅತ್ತ ಎಳೆಯುತ್ತಾನೆ, ಒಬ್ಬ ಇತ್ತ. ಲುಲಾಶನ ಮುಖ ಬಿಳಿಚಿಕೊಂಡಿತು. ನಾನು ಮೇಜಿನಡಿ ಕೈಹಾಕಿ ಗಂಡನ ತೊಡೆಯನ್ನು ಹಿಡಿದು ತಿರುಚಿದೆ.

"ಅಯ್ಯಯ್ಯೋ!"

ತಟ್ಟೆ ಲುಲಾಶನ ಮಡಿಲಿಗೆ ಬಿತ್ತು.

"ಇಷ್ಟು ಬಲವಂತ ಮಾಡಿದ್ಮೇಲೆ ಇಲ್ಲ ಅನ್ನೋಕಾಗುತ್ತಾ?" ಎಂದು ರೊಟ್ಟಿ ಮುರಿದು ಬಾಯಿಗಿಟ್ಟ. ಅಗಿಯುತ್ತ ಅಗಿಯುತ್ತ ತಟ್ಟನೆ ನಿಲ್ಲಿಸಿ, "ಉಪ್ಪೆಲ್ಲಿ ತಂಗೀ? ಉಪ್ಪಿಲ್ದಿದ್ರೆ ಇದು ಊಟದ ಲೆಕ್ಕಕ್ಕೇ ಬರಲ್ಲ!" ಎಂದ. ಮುಷ್ಟಿಗಟ್ಟಲೆ ಸುರಿದೆ. ಕಣ್ಣಲ್ಲಿ ನೀರು ಬಂದರೂ ಅಷ್ಟನ್ನೂ ತಿಂದ.

ತೋಮನನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಸುದ್ದಿ ಮಾತ್ರ ಊರೆಲ್ಲ ಹಬ್ಬಿತು. ಲುಲಾಶ ಬೀದಿಗಿಳಿದರೆ ಸಾಕು, ಮನೆಮನೆಯವರು ತೋಳು ಹಿಡಿದು ಒಳಗೆಳೆದರು. ವರ್ಷದೊಳಗೆ ಗುಡಾಣದಂತಾದ. ಈ ಊರಿನಲ್ಲಿ ತಪ್ಪು ಮಾತೇ ಕೇಳಿಸುವುದಿಲ್ಲವೆಂದರೆ ನೀನು ಕಿವುಡನೇ ಇರಬೇಕು ಎಂದು ಬೈದು, ಕಚೇರಿಯವರು ಅವನನ್ನು ಸಂಘದ ಕುರಿ ಕಾಯಲು ಹಾಕಿದರು.

ತೋಮ ಮುದುಕನಾಗಿ, ತನ್ನ ಹಾಸಿಗೆಯಲ್ಲೇ ಸತ್ತ. ತಿಥಿಯ ಊಟಕ್ಕೆ ಲುಲಾಶನೂ ಬಂದಿದ್ದ.

"ಅವತ್ತು ಅಷ್ಟೊಂದು ಹಸಿವಾಗಿತ್ತಾ ಅಣ್ಣಾ?" ಎಂದು ಕೇಳಿದೆ.

"ಎಲ್ಲೀ ಹಸಿವು? ಮನೇಲಿ ಬೀನ್ಸ್ ಕಾಳಿನ ಸಾರು ಹೊಟ್ಟೆ ಬಿರಿಯೋ ಹಾಗೆ ಉಂಡು ಬಂದಿದ್ದೆ. ನಿನ್ನ ಗಂಡ ಆ ತಟ್ಟೆ ಎತ್ತಿದ್ನಲ್ಲ, ನನ್ನ ಜೀವಾನೇ ಹೋಯ್ತು ಕಣೆ ತಂಗೀ."