ವನಜಾಕ್ಷಿ ಟೀಚರು ಎಣಿಸದೆ ಬಿಟ್ಟದ್ದು

ಗುಬ್ಬಿಯ ತೆಂಗಿನಕಾಯಿ ಮಂಡಿಗಳ ಹಿಂದಿನ ಬೀದಿಯ ಅಂಗನವಾಡಿಗೆ ವನಜಾಕ್ಷಿ ಟೀಚರಾಗಿ ಬಂದದ್ದು ತೊಂಬತ್ತಾರರಲ್ಲಿ. ಕುಣಿಗಲ್ ಕಡೆಯಿಂದ ಬಂದ ಸೊಸೆ, ಪಿಯುಸಿ ಪಾಸು. ಗಂಡ ತುಮಕೂರಿನ ಶಿರಾ ಗೇಟಿನ ಹತ್ತಿರ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ರೈಲು ಹತ್ತಿದರೆ ಮನೆ ಕಾಣುವುದು ಕತ್ತಲಾದ ಮೇಲೆಯೇ.

ಲೆಕ್ಕ ಹೇಳಿಕೊಡುವುದರಲ್ಲಿ ಅವಳನ್ನು ಮೀರಿಸುವವರು ಆ ತಾಲ್ಲೂಕಿನಲ್ಲಿ ಇರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಸ್ಲೇಟು ಬಳಪ ಆಮೇಲೆ, ಮೊದಲು ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸಿ ಎನ್ನುತ್ತಿದ್ದಳು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಜೋಡಿ ಮಾಡಿಸುವಳು. ಅಂಗಿಯಲ್ಲಿ ಇರಬೇಕಾದ ಗುಂಡಿ ಎಷ್ಟು, ಉದುರಿಹೋದದ್ದು ಎಷ್ಟು ಎಂದು ಕೇಳಿ ಕಳೆಯುವ ಲೆಕ್ಕ ಕಲಿಸುವಳು. ಉಪ್ಪಿಟ್ಟಿಗೆ ಎಷ್ಟು ಪಾವು ರವೆ ಬೇಕು ಎಂಬುದನ್ನು ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳೂ ಹೇಳುತ್ತಿದ್ದವು.

ಒಂದನ್ನು ಮಾತ್ರ ಅವಳು ಎಣಿಸುತ್ತಿರಲಿಲ್ಲ. ಮಕ್ಕಳನ್ನು.

ಮಕ್ಕಳ ತಲೆ ಎಣಿಸಬಾರದು, ದೃಷ್ಟಿಯಾಗುತ್ತದೆ ಅನ್ನುವುದು ನಮ್ಮ ಕಡೆ ಹೊಸದೇನಲ್ಲ. ಓದಿದವರು ನಗುತ್ತಾರೆ, ಮನೆಗೆ ಹೋಗಿ ತಾವೂ ಅದನ್ನೇ ಪಾಲಿಸುತ್ತಾರೆ. ವನಜಾಕ್ಷಿಯೂ ನಕ್ಕವಳೇ. ಅಂಗನವಾಡಿಗೆ ಬರುವ ಮುಂಚಿನ ಒಂದು ಯುಗಾದಿಯ ದಿನ, ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದ ತನ್ನ ಮಕ್ಕಳ ನೆತ್ತಿ ಮುಟ್ಟಿ ಒಂದು, ಎರಡು, ಮೂರು ಎಂದು ಎಣಿಸಿದ್ದಳು. ಸಂತೋಷಕ್ಕೆ ಎಣಿಸಿದ್ದು, ಅಷ್ಟೆ. ಅದೇ ತಿಂಗಳು ಕಡೆಯವನು, ಕಾಂತೇಶ, ಮೆದುಳು ಜ್ವರ ಬಂದು ಹೋಗಿಬಿಟ್ಟ. ಮಗುವನ್ನು ಮಣ್ಣು ಮಾಡಿ ಬಂದ ದಿನ ಅತ್ತೆ ಗೋಡೆಗೆ ಒರಗಿ ಒಂದೇ ಮಾತಂದರು: "ಎಣಿಸಿದೆಯಲ್ಲೇ ತಾಯಿ."

ಜ್ವರಕ್ಕೂ ಎಣಿಕೆಗೂ ಏನು ಸಂಬಂಧ ಎಂದು ಅವಳ ಬುದ್ಧಿ ಕೇಳುತ್ತಲೇ ಇತ್ತು. ಆದರೆ ಹೆತ್ತ ಹೊಟ್ಟೆ ಬುದ್ಧಿಯ ಮಾತು ಎಲ್ಲಿ ಕೇಳುತ್ತದೆ? ಅಂಗನವಾಡಿಗೆ ಬಂದ ಮೇಲೆ ಅವಳು ಒಂದು ದಾರಿ ಕಂಡುಕೊಂಡಳು. ಮಕ್ಕಳು ಮನೆಯಿಂದ ತರುತ್ತಿದ್ದ ತಟ್ಟೆಗಳನ್ನು ಬೆಳಿಗ್ಗೆಯೇ ಗೋಡೆಯುದ್ದಕ್ಕೆ ಜೋಡಿಸಿ, ತಟ್ಟೆ ಎಣಿಸುವುದು. ಹಾಜರಿಯೂ ಅದನ್ನು ನೋಡಿಯೇ. ಊಟಕ್ಕೆ ಕೂತಾಗ ಯಾವ ತಟ್ಟೆಯ ಮುಂದೆ ಮಗುವಿಲ್ಲವೋ ಆ ಮಗು ಎಲ್ಲೋ ಆಡುತ್ತಿದೆ ಎಂದು ಲೆಕ್ಕ. ಸಹಾಯಕಿ ಚಿಕ್ಕಮಾರಮ್ಮನಿಗೂ ಇದು ಸರಿಯೆನಿಸಿತ್ತು. ಅವಳ ಮನೆಯಲ್ಲಂತೂ ರೊಟ್ಟಿಯನ್ನೂ ಎಣಿಸುತ್ತಿರಲಿಲ್ಲ.

ಒಂದು ವರ್ಷ ಬೇಸಿಗೆಗೆ ಮುಂಚೆ ಮಹಾಲಕ್ಷ್ಮಮ್ಮ ತನ್ನ ಎರಡೂ ಮಕ್ಕಳನ್ನು ತಂದು ಬಿಟ್ಟಳು. ಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದ ಹೆಂಗಸು. ದೊಡ್ಡವನು ಅಂಜನ್, ಚಿಕ್ಕವಳು ತನುಶ್ರೀ. ಇಬ್ಬರಿಗೂ ಸೇರಿ ಒಂದೇ ಅಗಲವಾದ ತಟ್ಟೆ. ಅಣ್ಣನ ತೊಡೆಗೆ ಅಂಟಿಕೊಂಡೇ ತಂಗಿ ತಿನ್ನುವುದು. ನೋಡಲು ಚೆನ್ನಾಗಿತ್ತು ಎಂದು ವನಜಾಕ್ಷಿ ಸುಮ್ಮನಾದಳು. ಅವಳು ತಪ್ಪಿದ್ದು ಅಲ್ಲಿಯೇ.

ಒಂದು ದಿನ ಕಾಯಿ ಎಣಿಸುವುದನ್ನು ತೋರಿಸುತ್ತೇನೆಂದು ಮಕ್ಕಳನ್ನು ಹತ್ತಿರದ ಮಂಡಿಗೆ ಕರೆದುಕೊಂಡು ಹೋದಳು. ಒಬ್ಬರ ಅಂಗಿ ಒಬ್ಬರು ಹಿಡಿದು ರೈಲು. ಹಿಂದೆ ಗಾರ್ಡಾಗಿ ಬರಬೇಕಿದ್ದ ಚಿಕ್ಕಮಾರಮ್ಮ ಉಪ್ಪಿಟ್ಟಿಗೆ ಒಲೆ ಹಚ್ಚಿದ್ದರಿಂದ ಬರಲಿಲ್ಲ. ಮಂಡಿಯಲ್ಲಿ ಎಣಿಸುವಾತ ಎರಡೂ ಕೈಯಲ್ಲಿ ಕಾಯಿ ಎತ್ತಿ ಎಸೆಯುತ್ತ, ಒಂದು ಎನ್ನುವ ಬದಲು "ಲಾಭ" ಎಂದು ಶುರು ಮಾಡಿ ರಾಗವಾಗಿ ಹೇಳುತ್ತಿದ್ದ. ಮಕ್ಕಳು ಅದೇ ರಾಗ ಹಿಡಿದವು. ಕೊಬ್ಬರಿ ಗೋದಾಮನ್ನೂ ಒಳಹೊಕ್ಕು ನೋಡಿದ್ದಾಯಿತು. ವಾಪಸು ಬರುವಾಗ ಬೀದಿಯಿಡೀ ಗಲಾಟೆ.

ಬಂದವರೇ ಊಟಕ್ಕೆ ಕೂತರು. ಎಲ್ಲ ತಟ್ಟೆಯ ಮುಂದೆಯೂ ಮಗುವಿತ್ತು. ಅಂಜನ್ ತಟ್ಟೆಯ ತುಂಬ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, "ಟೀಚರ್, ಇವತ್ತು ನಾನೇ ಎಲ್ಲಾ ಖಾಲಿ ಮಾಡ್ದೆ" ಎಂದು ಹೆಮ್ಮೆಯಿಂದ ತೋರಿಸಿದ. ಶಭಾಷ್ ಎಂದು ವನಜಾಕ್ಷಿ ಅವನ ಬೆನ್ನು ತಟ್ಟಿದಳು. ಮಕ್ಕಳು ಮಲಗಿದವು. ಅವಳೂ ಕಣ್ಣು ಮುಚ್ಚಿದಳು.

ಮಹಾಲಕ್ಷ್ಮಮ್ಮ ಬಂದು ಬಾಗಿಲಲ್ಲಿ ನಿಂತು, "ತನು ಎಲ್ಲಿ ಟೀಚರಮ್ಮ?" ಎಂದಾಗಲೇ ವನಜಾಕ್ಷಿಗೆ ಕಣ್ಣು ಕತ್ತಲಿಟ್ಟದ್ದು.

ಇಬ್ಬರೂ ಮಂಡಿಗೆ ಓಡಿದರು. ಗೋದಾಮಿಗೆ ಬೀಗ. ಕಾವಲಿನ ಗುಂಡಯ್ಯ ಊಟಕ್ಕೆಂದು ಬೀಗ ಹಾಕಿಕೊಂಡು ಮನೆಗೆ ಹೋದವನು ಇನ್ನೂ ಬಂದಿರಲಿಲ್ಲ. ಮಹಾಲಕ್ಷ್ಮಮ್ಮ ಬಾಗಿಲು ಗುದ್ದಿ ಮಗಳನ್ನು ಕೂಗಿದಳು. ಒಳಗಿನಿಂದ ಸದ್ದೇ ಇಲ್ಲ. ಅತ್ತಿದ್ದರೆ, ಚೀರಿದ್ದರೆ ಎಷ್ಟೋ ವಾಸಿ ಎನಿಸಿತು ವನಜಾಕ್ಷಿಗೆ. ಯಾರೋ ಹೋಗಿ ಗುಂಡಯ್ಯನನ್ನು ನಿದ್ದೆಯಿಂದ ಎಬ್ಬಿಸಿಕೊಂಡು ಬಂದರು. ಬಾಗಿಲು ತೆಗೆದೊಡನೆ ಶೀಟಿನ ಛಾವಣಿಯ ಕಾವು ಮುಖಕ್ಕೆ ಬಡಿಯಿತು. ಮಗು ಬಾಗಿಲಿನ ಪಕ್ಕದಲ್ಲೇ, ಚೀಲಗಳ ಸಂದಿಯಲ್ಲಿ ಬಿದ್ದಿತ್ತು. ಬಾಗಿಲು ಬಡಿದು ಬಡಿದು ಅಂಗೈ ಊದಿತ್ತು. ಬಾಯಿ ತೆರೆದರೆ ದನಿ ಬರಲೊಲ್ಲದು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಮೇಲೆ ತನುಶ್ರೀ ಕಣ್ಣು ಬಿಟ್ಟಳು. ಆಗ ಮಹಾಲಕ್ಷ್ಮಮ್ಮ ಕೇಳಿದಳು.

"ಬರುವಾಗ ಎಣ್ಸಲಿಲ್ವಾ?"

"ತಟ್ಟೆ ಎಣ್ಸಿದೆ ಕಣಮ್ಮ."

"ತಟ್ಟೆನಾ? ನಾನ್ ನಿಮ್ಗೆ ಮಕ್ಳುನ್ ಬುಟ್ಟೋಗಿದ್ನೋ, ತಟ್ಟೆ ಬುಟ್ಟೋಗಿದ್ನೋ?"

ವನಜಾಕ್ಷಿ ಅತ್ತುಕೊಂಡು ಕಾಂತೇಶನ ಸಂಗತಿ ಹೇಳಿದಳು. ಕೇಳಿಸಿಕೊಂಡ ಮಹಾಲಕ್ಷ್ಮಮ್ಮ ಅಯ್ಯೋ ಎನ್ನಲಿಲ್ಲ, ಬೈಯಲೂ ಇಲ್ಲ. ಮಗಳ ಕಾಲು ಒತ್ತುತ್ತ ಗೋಡೆ ಕಡೆ ತಿರುಗಿದಳು. ಬೈದಿದ್ದರೆ ವನಜಾಕ್ಷಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. ತನ್ನ ಮಗುವನ್ನು ಕಳೆದುಕೊಂಡು ಹುಟ್ಟಿದ ಭಯ ಇನ್ನೊಬ್ಬಳ ಮಗುವನ್ನು ಕೊಲ್ಲುವುದರಲ್ಲಿತ್ತು ಎಂಬುದು ಅವಳ ಎದೆಯನ್ನು ಕೊರೆಯಿತು.

ಇಲಾಖೆಯ ಮೇಲಿನವರು ಬಂದು ವಿಚಾರಿಸಿ, ಎಚ್ಚರಿಕೆ ಕೊಟ್ಟು ಹೋದರು. ಬೀದಿಯವರು ಕೆಲವು ದಿನ ಮಕ್ಕಳನ್ನು ಕಳಿಸಲಿಲ್ಲ. ಆಮೇಲೆ ಒಂದೊಂದಾಗಿ ಕಳಿಸಿದರು. ಅಂಜನ್ ಮತ್ತು ತನುಶ್ರೀ ಬರಲಿಲ್ಲ. ಬಂದ ಮಕ್ಕಳನ್ನು ಎಣಿಸಬೇಕೆಂದು ವನಜಾಕ್ಷಿ ದಿನವೂ ಕೈ ಎತ್ತುವಳು. ನಾಲಿಗೆ ಏಳುತ್ತಿರಲಿಲ್ಲ. ಮತ್ತೆ ಮತ್ತೆ ಹೆಸರು ಹಿಡಿದು ಕೂಗಿ, ಬಾಗಿಲಿಗೆ ಅಗುಳಿ ಹಾಕಿ ಕೂರುವಳು.

ಒಂದು ಬೆಳಿಗ್ಗೆ ಮಹಾಲಕ್ಷ್ಮಮ್ಮ ಎರಡೂ ಮಕ್ಕಳನ್ನು ಕರೆದುಕೊಂಡು ಬಂದಳು. ಕೂಲಿಗೆ ಹೋಗದೆ ಆಕೆಗೂ ಗತಿಯಿರಲಿಲ್ಲ. ತನುಶ್ರೀ ಒಳಗೆ ಬರಲು ಒಲ್ಲದೆ ತಾಯಿಯ ಸೆರಗು ಹಿಡಿದುಕೊಂಡಿದ್ದಳು.

"ನನ್ ಕಣ್ ಮುಂದೇನೆ ಎಣ್ಸಿ," ಎಂದಳು ಮಹಾಲಕ್ಷ್ಮಮ್ಮ. "ತಲೆ ಮುಟ್ಟಿ ಎಣ್ಸಿ."

"ಏನಾದ್ರೂ ಆದ್ರೆ ಮಾಲಕ್ಷ್ಮಮ್ಮ..."

"ಆದ್ರೆ, ನೀವ್ ಎಣ್ಸಿದ್ದಕ್ಕೆ ಆಯ್ತು ಅಂತ ನಾನ್ ಯಾವತ್ತೂ ಅನ್ನಕಿಲ್ಲ. ಮಗೀನ್ ಮ್ಯಾಲಾಣೆ. ಎಣ್ಸಿ."

ಇಷ್ಟು ವರ್ಷ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ವನಜಾಕ್ಷಿ ಸಾಲಿನ ಮೊದಲ ನೆತ್ತಿಯ ಮೇಲೆ ಕೈಯಿಟ್ಟಳು. ಒಂದು. ಎರಡು. ಮೂರನೆಯ ತಲೆಯ ಮೇಲೆ ಕೈಯಿಟ್ಟವಳ ದನಿ ನಿಂತಿತು. ಮಹಾಲಕ್ಷ್ಮಮ್ಮ ಕೆಲಸಕ್ಕೆ ಹೊತ್ತಾಗುತ್ತಿದ್ದರೂ ಅವಸರ ಮಾಡದೆ ನಿಂತಳು. ಕೊನೆಗೆ ಮೂರು ಎಂದಳು ವನಜಾಕ್ಷಿ, ಅಳುತ್ತಲೇ. ಆಮೇಲೆ ನಾಲ್ಕು, ಐದು. ಸಾಲು ಮುಗಿದು, ತಾಯಿಯ ಸೆರಗಿನ ಮರೆಯಲ್ಲಿದ್ದ ತನುಶ್ರೀಯ ತಲೆ ಮುಟ್ಟಿ ಕೊನೆಯ ಸಂಖ್ಯೆ ಹೇಳಿದ ಮೇಲೆಯೇ ಮಹಾಲಕ್ಷ್ಮಮ್ಮ ಸೆರಗು ಬಿಡಿಸಿಕೊಂಡು ಕೆಲಸಕ್ಕೆ ಹೋದದ್ದು.

ಮಾರನೆಯ ದಿನ ಯಾವುದೋ ಮಗು ಕೆಮ್ಮಿತು. ವನಜಾಕ್ಷಿ ಓಡಿ ಬಂದು ಪಕ್ಕದಲ್ಲಿ ಕೂತಳು. ಹಣೆ ಮುಟ್ಟಿ ನೋಡಿ, ಬಿಸಿಯಿಲ್ಲವೆಂದು ತಿಳಿದ ಮೇಲೂ ಭಯ ಹೋಗಲಿಲ್ಲ. ಆ ಭಯದಲ್ಲೇ ಎದ್ದು, ಎಲ್ಲರನ್ನೂ ಮತ್ತೊಮ್ಮೆ ಎಣಿಸಿದಳು.