ನೋವು ನಿಂತ ಬೆಳಿಗ್ಗೆ

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ನಂದಗುಡಿ ಕಡೆ ಅಂಥವರ ಪಾದ ತಾಕಿದರೆ ಉಳುಕು ಹೋಗುತ್ತದೆಂದು ನಂಬುತ್ತಾರೆ. ಹುಲ್ಲಿನ ಹೊರೆ ಎತ್ತಿ ಬೆನ್ನು ಹಿಡಿದುಕೊಂಡವರು ಬೆಳಿಗ್ಗೆ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಅವರ ಬೆನ್ನಿಗೆ ಮೂರು ಸಲ ಪಾದ ಸವರಿ ಒಳಗೆ ಹೋಗಿಬಿಡುತ್ತಿದ್ದೆ. ಈಗ ಯಾರಿಗೂ ಕಾಲು ತಾಕಿಸುವುದಿಲ್ಲ. ಯಾಕಜ್ಜಿ ಎಂದು ನೀವು ಕೇಳಿದಾಗಲೆಲ್ಲ ನಕ್ಕು ಮಾತು ಮರೆಸಿದ್ದೇನೆ. ಬಾಯಲ್ಲಿ ಹೇಳಲಾರೆ, ಬರೆಯುತ್ತೇನೆ.

ನಿಮ್ಮ ತಾತನಿಗೆ ಬಲಪಕ್ಕೆಯಲ್ಲಿ ಚುಚ್ಚುವ ನೋವು ಬಂತು. ಉಸಿರೆಳೆದರೆ, ಕೆಮ್ಮಿದರೆ ಪಕ್ಕೆ ಅದುಮಿಕೊಳ್ಳುತ್ತಿದ್ದರು. ಸಂಜೆ ಮೈ ಬಿಸಿಯಾಗುತ್ತಿತ್ತು. ಹಾಲಿನ ಕ್ಯಾನು ಎತ್ತಿ ಉಳುಕಿದೆ ಎಂದುಕೊಂಡರು. ಹೊಸಕೋಟೆಗೆ ಹೋಗಿ ತೋರಿಸೋಣ ಎಂದರೆ, ಮನೆಯಲ್ಲೇ ಡಾಕ್ಟರು ಇರುವಾಗ ಬಸ್ಸು ಯಾಕೆ ಎಂದು ರೇಗಿಸಿದರು. ಗಂಡನ ಮೈಗೆ ಕಾಲು ತಾಕಿಸುವುದು ಹೇಗೆ? ಆಗುವುದಿಲ್ಲ ಎಂದೆ.

“ಊರೋರ್ಗೆಲ್ಲ ವಾಸಿ ಮಾಡ್ತೀಯ, ನನಗ್ ಮಾತ್ರ ಇಲ್ವೇನೇ? ದೇವ್ರಿಗೆ ನಾನ್ ಹೇಳ್ಕೊತೀನಿ, ಇಡು,” ಎಂದರು.

ಮೊದಲು ಅವರ ಕಾಲಿಗೆ ಬಿದ್ದು, ಆಮೇಲೆ ಪಕ್ಕೆಗೆ ನನ್ನ ಪಾದ ಸವರಿದೆ. ಮೂರು ಬೆಳಿಗ್ಗೆ ಹಾಗೆ ಮಾಡಿದೆ. ನಾಲ್ಕನೆಯ ಬೆಳಿಗ್ಗೆ ನೋವಿರಲಿಲ್ಲ. ಡೇರಿಯಲ್ಲಿ ಎಲ್ಲರೆದುರು ನನ್ನ ಕಾಲನ್ನು ಹೊಗಳಿ ಬಂದರು. ನನಗೂ ಒಳಗೊಳಗೇ ಹೆಮ್ಮೆ. ಸಂಜೆಯ ಜ್ವರ ಬಿಟ್ಟಿರಲಿಲ್ಲ, ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಕಂಡೂ ಸುಮ್ಮನಿದ್ದೆ. ತಿಂಗಳಾಗುವಷ್ಟರಲ್ಲಿ ಕೊಟ್ಟಿಗೆಯಿಂದ ಜಗಲಿಗೆ ಬರಲು ಉಸಿರು ಸಾಲದೆ ಎರಡು ಕಡೆ ನಿಲ್ಲುತ್ತಿದ್ದರು.

ಕೊನೆಗೆ ಹೊಸಕೋಟೆಗೆ ಹೋದೆವು. ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಬಲಗಡೆ ಬರೀ ಬಿಳುಪು. ಬೆನ್ನಿಗೆ ಸೂಜಿ ಹಾಕಿ ತೆಗೆದ ನೀರಿಗೆ ಒಣಹುಲ್ಲಿನ ಬಣ್ಣವಿತ್ತು, ಬಾಟಲಿ ತುಂಬಿತು. ಟಿ.ಬಿ. ಎಂದರು. ನೋವು ಹೇಗೆ ನಿಂತಿತೆಂದು ಡಾಕ್ಟರಮ್ಮ ಕೇಳಿದರು. ನಿಮ್ಮ ತಾತ ನನ್ನ ಕಡೆ ನೋಡದೆ, “ತಾನಾಗೇ ಹೋಯ್ತು ತಾಯಿ,” ಎಂದರು.

“ಶ್ವಾಸಕೋಶದ ಸುತ್ತ ಎರಡು ಪೊರೆ ಇರ್ತವೆ. ಅವು ಒಂದಕ್ಕೊಂದು ಉಜ್ಜಿದ್ರೆ ನೋವು. ನಡುವೆ ನೀರು ತುಂಬ್ಕೊಂಡಾಗ ಉಜ್ಜೋದು ನಿಂತು ನೋವು ಹೋಗಿದೆ. ಅವತ್ತೇ ಬರ್ಬೇಕಿತ್ತು,” ಎಂದರು ಡಾಕ್ಟರಮ್ಮ.

ಆರು ತಿಂಗಳ ಮಾತ್ರೆಗೆ ಟಿ.ಬಿ. ವಾಸಿಯಾಯಿತು. ಆದರೆ ಪೊರೆ ದಪ್ಪಗಾಗಿ, ಆ ಕಡೆಯ ಶ್ವಾಸಕೋಶ ಪೂರ್ತಿ ಹಿಗ್ಗಲೇ ಇಲ್ಲ. ಮೂರು ವರ್ಷದ ಮೇಲೆ ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿದಾಗ ಉಳಿದಿದ್ದ ಉಸಿರು ಸಾಲಲಿಲ್ಲ.

ಆ ಮೂರು ವರ್ಷವೂ ಉಳುಕಿನವರು ಬಂದರೆ ನಿಮ್ಮ ತಾತ ಜಗಲಿಯಿಂದಲೇ ನನ್ನನ್ನು ಕೂಗಿ ಕರೆಯುತ್ತಿದ್ದರು, ಮೊದಲಿನ ಹಾಗೆಯೇ. ಒಂದು ಸಲವಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.