ಮಾತು ಬಿಟ್ಟವನನ್ನು ಮಾತಾಡಿಸುವ ಕೆಲಸ

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಮಾತನ್ನು ಚಿಲ್ಲರೆಯಾಗಿ ಮಾರುವವರ ನಡುವೆ ಅವನದು ಸಗಟು ವ್ಯಾಪಾರ. ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ರಿಪೇರಿ ಮಾಡುವ ಷಟ್‌ಡೌನ್ ಬಂದಾಗ ಮಾತ್ರ ಆ ಸರಕಿಗೆ ಬೆಲೆ. ಬಾಯ್ಲರಿನೊಳಗೆ ಇಳಿದವರು ಹೊರಗೆ ಬರುವತನಕ ಅವನು ಅದರ ಬಾಯಿಯ ಬಳಿ ಸ್ಟೂಲು ಹಾಕಿಕೊಂಡು ಕೂರಬೇಕು, ಆಗಾಗ ಕೂಗಿ ಮಾತಾಡಿಸಬೇಕು, ಉತ್ತರ ಬಾರದಿದ್ದರೆ ಗಂಟೆ ಬಾರಿಸಬೇಕು. ಒಳಗೆ ಕೆಟ್ಟ ಗಾಳಿ ತುಂಬಿದರೆ ಮನುಷ್ಯ ಸದ್ದಿಲ್ಲದೆ ಒರಗಿಬಿಡುತ್ತಾನೆ.

"ಕೂತು ತಿನ್ನೋ ಕೆಲಸ ಅಂದ್ರೆ ನಿಮ್ಮದೇ ಕಣ್ರೀ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಈ ಸಲ ಒಳಗೆ ಇಳಿದಿದ್ದವನು ಅವಳ ತಮ್ಮ, ವೆಲ್ಡರ್. ಅವನು ಭಾವನ ಹತ್ತಿರ ಮಾತು ಬಿಟ್ಟಿದ್ದ. ತಪ್ಪು ಭಾವನದೇ. ಹೆಣ್ಣಿನ ಕಡೆಯವರು ಹುಡುಗನನ್ನು ನೋಡಲು ಬಂದಾಗ, "ನಮ್ಮ ಹುಡುಗ ಬಂಗಾರ. ಕೋಪ ಬಂದ್ರೆ ಮಾತ್ರ ಊಟ ಬಿಡ್ತಾನೆ, ಮಾತು ಬಿಡ್ತಾನೆ, ಒಂದ್ಸಲ ಕೆಲಸಾನೂ ಬಿಟ್ಟಿದ್ದ," ಎಂದು ತಮಾಷೆ ಮಾಡಿದ್ದ. ನಕ್ಕವನು ಅವನೊಬ್ಬನೇ. ಬಂದವರು ಎದ್ದು ಹೋದವರು ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ.

"ಲೋ, ಇದ್ದೀಯೇನೋ?" ರೇಡಿಯೋ ಕೂಗಿದ.

ಠಣ್. ಒಳಗಿನಿಂದ ಸುತ್ತಿಗೆಯ ಏಟು. ಬೆಳಗಿನಿಂದ ಅದೇ ಉತ್ತರ.

"ನಿನಗಿಂತ ನಿನ್ನ ಸುತ್ತಿಗೆಗೇ ಮರ್ಯಾದೆ ಗೊತ್ತು ಕಣೋ. ನಿಮ್ಮಕ್ಕ ಊಟ ಕಳಿಸಿದ್ದಾಳೆ."

ಠಣ್! ಈ ಏಟು ಕೊಂಚ ಜೋರಾಗಿತ್ತು.

ಮುಂದಿನ ಸಲ ಕೂಗಿದಾಗ ಏನೂ ಕೇಳಿಸಲಿಲ್ಲ. ತಲೆ ಒಳಗೆ ತೂರಿಸಿ ಕೂಗಿದ. "ಮುನಿಸು ತೋರಿಸೋಕೆ ಇದೇ ಜಾಗ ಸಿಕ್ತೇನೋ? ತಟ್ಟೋ!"

ಕತ್ತಲು ಅವನ ದನಿಯನ್ನೇ ವಾಪಸು ಕೊಟ್ಟಿತು. ಬರೀ ಮುನಿಸಾಗಿದ್ದರೆ, ಗಂಟೆ ಬಾರಿಸಿದ ಮೇಲೆ ಊರೆಲ್ಲ ನಗುತ್ತದೆ, ಹುಡುಗನ ಕೋಪಕ್ಕೆ ಇನ್ನೊಂದು ಕಾರಣ ಸಿಗುತ್ತದೆ. ಮುನಿಸಲ್ಲದಿದ್ದರೆ? ಹೆಂಡತಿಯ ಮುಖ ಕಣ್ಣಮುಂದೆ ಬಂತು. ಗಂಟೆ ಬಾರಿಸಿಯೇಬಿಟ್ಟ.

ಎಲ್ಲ ಕಡೆ ಕೆಲಸ ನಿಂತಿತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡವರು ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಅವರ ಹಿಂದೆಯೇ ಭಾವಮೈದುನ ತನ್ನ ಕಾಲ ಮೇಲೇ ಹೊರಗೆ ನಡೆದು ಬಂದ, ಮಸಿ ಮೆತ್ತಿದ ಮುಖದಲ್ಲಿ ಕಣ್ಣೆರಡು ಕೆಂಡವಾಗಿ.

"ತಲೆ ನೆಟ್ಟಗಿದೆಯಾ ಭಾವ ನಿಮಗೆ? ಸುತ್ತಿಗೆ ಕೈಜಾರಿ ಕೆಳಗೆ ಬಿತ್ತು, ಅಷ್ಟೇ!"

"ಬಾಯಿ ಎಲ್ಲಿ ಬಿದ್ದಿತ್ತೋ?"

"ನಿಮ್ಮ ಹತ್ರ ಮಾತಾಡಲ್ಲ ಅಂತ ಆಣೆ ಇಟ್ಟಿದ್ನಲ್ಲ!"

ಸೂಪರ್‌ವೈಸರ್ ಹಣೆ ಚಚ್ಚಿಕೊಂಡ. "ಬಾಮೈದನ ಮುನಿಸಿಗೆಲ್ಲ ಗಂಟೆ ಹೊಡೀತಾ ಕೂತ್ರೆ ಕಾರ್ಖಾನೆ ಮತ್ತೆ ಶುರುವಾದ ಹಾಗೇ!"

ಅವನ ಮಾತು ರೇಡಿಯೋ ಕಿವಿಗೆ ಬೀಳಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ. "ಬೈಯೋ, ಇನ್ನಷ್ಟು ಬೈ," ಎಂದ. "ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೋ."

ಹುಡುಗ ನೀರಿನ ಬಾಟಲಿ ಎತ್ತಿ ಭಾವನ ಕೈಗೆ ಕೊಟ್ಟ.

ಒಳಗಿನ ಗಾಳಿಯನ್ನು ಮತ್ತೆ ಪರೀಕ್ಷಿಸಿ ಅನುಮತಿ ಕೊಟ್ಟ ಮೇಲೆ ಅವನು ಬಾಯ್ಲರಿನೊಳಗೆ ಕಾಲಿಟ್ಟ. ತಲೆ ಮಾತ್ರ ಹೊರಗಿದ್ದಾಗ ತಿರುಗಿ ನೋಡಿದ.

"ಕೂಗಿ. ಬಾಯಲ್ಲೇ ಉತ್ತರ ಕೊಡ್ತೀನಿ. ಆದ್ರೆ ಇಲ್ಲಿ ಮಾತ್ರ. ಮನೇಲಿ ನನಗಿನ್ನೂ ಮುನಿಸಿದೆ."